ಗಾಳಿ ಹೋಗಿ ಎಷ್ಟು ದಿನ ಆಯ್ತು?

"ಗಾಳಿ ಹೋಗಿ ಎಷ್ಟು ದಿನ ಆಯ್ತಜ್ಜ?" ಅಂದದ್ದಕ್ಕೆ ಸೊಸೆ ಸೆರಗು ಬಾಯಿಗಿಟ್ಟು ಆಚೆ ತಿರುಗಿದಳು. ಮಗನಿಗೆ ಸಿಟ್ಟು. "ನಿನ್ನೆ ಎನಿಮಾ ಕೊಟ್ಟಾಗ ಸ್ವಲ್ಪ ಹೋಗಿದೆ ಸಾರ್."

ಮಂಗಳವಾರದಿಂದ ಆ 'ಸ್ವಲ್ಪ ಹೋಗಿದೆ' ಕಿವಿ ಬಿಟ್ಟಿಲ್ಲ. ಕರುಳು ಮೇಲೆಲ್ಲೋ ಕಟ್ಟಿಕೊಂಡಿದ್ದರೂ ಅದರ ಕೆಳಗೆ ಉಳಿದ ಮಲ ಎನಿಮಾಕ್ಕೆ ಬಂದುಬಿಡುತ್ತದೆ. ಮನೆಯವರು ದಾರಿ ಬಿಟ್ಟಿತು ಅಂದುಕೊಳ್ಳುತ್ತಾರೆ. ಇಲ್ಲೂ ಅದೇ ಧೈರ್ಯದ ಮೇಲೆ ಹರಳೆಣ್ಣೆ ಕುಡಿಸಿದ್ದರು. ಕಟ್ಟಿದ ಕರುಳಿಗೆ ಭೇದಿ ಔಷಧ ಕೊಟ್ಟರೆ ಒತ್ತಡ ಹೆಚ್ಚುತ್ತದೆ ಅಷ್ಟೇ. ಕೊನೆಗೆ ಸೊಸೆಯೇ ಮೆಲ್ಲಗೆ, "ಶನಿವಾರದಿಂದ ಇಲ್ಲ ಸಾರ್" ಅಂದಳು. ಆ ಮನೆಯಲ್ಲಿ ಮುದುಕನ ಮೇಲೆ ಕಣ್ಣಿಟ್ಟಿದ್ದವಳು ಅವಳೊಬ್ಬಳೇ.

ವಾಂತಿ ಇರಲಿಲ್ಲ. ಸಣ್ಣ ಕರುಳು ಕಟ್ಟಿದರೆ ಅದು ಬೇಗ ಶುರುವಾಗುತ್ತದೆ, ದೊಡ್ಡ ಕರುಳಾದರೆ ತಡ. ಹೊಟ್ಟೆ ಮಾತ್ರ ಬೆರಳಲ್ಲಿ ತಟ್ಟಿದರೆ ತಮಟೆ. ಎಕ್ಸ್-ರೇಯಲ್ಲಿ ದೊಡ್ಡದೊಂದು ಕಾಫಿ ಬೀಜ: ಉಬ್ಬಿದ ಎರಡು ಹೋಳು, ನಡುವೆ ಗೆರೆ. ದೊಡ್ಡ ಕರುಳಿನಲ್ಲಿ ಗುದದ್ವಾರಕ್ಕೆ ಸ್ವಲ್ಪ ಮೇಲಿನ ಸಿಗ್ಮಾಯ್ಡ್ ಎಂಬ ಕುಣಿಕೆಯಂಥ ಭಾಗ ಬುಡದಲ್ಲಿ ತಿರುಚಿಕೊಂಡಿತ್ತು. ವರ್ಷಗಟ್ಟಲೆ ಮಲಬದ್ಧತೆ ಇದ್ದವರಲ್ಲಿ ಈ ಕುಣಿಕೆ ಉದ್ದವಾಗುತ್ತದೆ, ಬುಡ ಕಿರಿದಾಗಿಯೇ ಉಳಿಯುತ್ತದೆ. ದೊಡ್ಡವರಲ್ಲಿ ಕ್ಯಾನ್ಸರ್ ಗಡ್ಡೆಯೇ ಮೊದಲ ಅನುಮಾನವಾದ್ದರಿಂದ ಸಿಟಿ ಸ್ಕ್ಯಾನೂ ಆಯಿತು. ಗಡ್ಡೆ ಇಲ್ಲ. ಬಲಗಡೆಯ ಸೀಕಮ್, ಅಂದರೆ ದೊಡ್ಡ ಕರುಳು ಶುರುವಾಗುವ ಭಾಗ, 10 ಸೆಂ.ಮೀ. ಅಗಲಕ್ಕೆ ಉಬ್ಬಿತ್ತು. ತೊಂದರೆ ಎಡಗಡೆಯದಾದರೂ ಒತ್ತಡಕ್ಕೆ ಹರಿದುಹೋಗುವುದು ಹೆಚ್ಚಾಗಿ ತೆಳು ಗೋಡೆಯ ಈ ಸೀಕಮ್ಮೇ. 12 ದಾಟಿತೆಂದರೆ ನಮಗೆ ನಿದ್ದೆ ಇಲ್ಲ.

ಡ್ರಿಪ್, ಹೊಟ್ಟೆ ಖಾಲಿ ಮಾಡಲು ಮೂಗಿಗೆ ರೈಲ್ಸ್ ಟ್ಯೂಬ್, ಕ್ಯಾಥೆಟರ್, ಕಡಿಮೆಯಾಗಿದ್ದ ಪೊಟ್ಯಾಸಿಯಂ ಸರಿಪಡಿಸಿದ್ದು. ಜ್ವರ ಇದ್ದು ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ನೇರ ಥಿಯೇಟರಿಗೇ ಹೋಗಬೇಕಿತ್ತು. ಎರಡೂ ಇಲ್ಲದ್ದರಿಂದ ಕೆಳಗಿಂದ ಸ್ಕೋಪ್, ಒಳಗೆ ನೋಡುವ ಕೊಳವೆ, ಹಾಕಿದೆವು. ತಿರುಚಿದ ಜಾಗ ದಾಟಿದ್ದೇ ತಡ, ಮೂರು ದಿನದ ಗಾಳಿ, ಮಲ ಒಟ್ಟಿಗೇ ನುಗ್ಗಿತು. ಸಿಸ್ಟರ್ ಏಪ್ರನ್ ಪೂರ್ತಿ ಹೋಯಿತು. ಒಳಪದರ ಗುಲಾಬಿಯಾಗಿಯೇ ಇತ್ತು. ಕಪ್ಪಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಕೊಳೆತ ಭಾಗ ಕತ್ತರಿಸಬೇಕಿತ್ತು, ಮಲ ಸೇರಲು ಹೊಟ್ಟೆಗೆ ಚೀಲವೂ ಬರುತ್ತಿತ್ತೇನೋ. ಮತ್ತೆ ತಿರುಚದಿರಲೆಂದು ಗಾಳಿ ಹೋಗುವ ಫ್ಲೇಟಸ್ ಟ್ಯೂಬ್ ಒಳಗೇ ಬಿಟ್ಟು ಅದನ್ನು ತೊಡೆಗೆ ಪ್ಲಾಸ್ಟರಿನಲ್ಲಿ ಅಂಟಿಸಿದೆವು, 48 ಗಂಟೆ.

ಗುರುವಾರ ಮಗ ಪುನಃ ಬಂದ. "ಈಗ ಗಾಳಿ ಚೆನ್ನಾಗಿ ಹೋಗ್ತಿದೆಯಲ್ಲ ಸಾರ್, ಆಪರೇಷನ್ ಯಾಕೆ?"

ತಿರುಚು ಬಿಚ್ಚಿ ಅಷ್ಟಕ್ಕೇ ಮನೆಗೆ ಕಳಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮತ್ತೆ ತಿರುಚುತ್ತದೆ. ಆ ಉದ್ದ ಕುಣಿಕೆಯನ್ನು ಈಗಲೇ ತೆಗೆದರೆ ಕರುಳು ಖಾಲಿ ಇರುತ್ತದೆ, ಅಲ್ಲೇ ಜೋಡಿಸಬಹುದು, ಚೀಲ ಬೇಕಾಗುವುದು ಕಡಿಮೆ. ಇಷ್ಟನ್ನು ಎರಡು ಸಲ ಹೇಳಿದೆ. ಮಗ ಮೊಬೈಲ್ ನೋಡುತ್ತಿದ್ದ. ಅಜ್ಜ ಹಾಸಿಗೆಯಿಂದಲೇ ಕೈ ಚಾಚಿದರು.

"ಇಂಕ್ ಪ್ಯಾಡ್ ಕೊಡವ್ವಾ. ಇನ್ನೊಂದ್ ಸಲ ಆ ಹರಳೆಣ್ಣೆ ನನ್ ಕೈಲಾಗಲ್ಲ."