ಬೆಲ್ಲದ ಕಾಫಿ ಕುಡಿದು ಇನ್ಸುಲಿನ್ ಟೆಸ್ಟಿಗೆ ಹೋದ ಕಥೆ

"ಏನಾದ್ರೂ ತಿಂದಿದ್ದೀರಾ ಸರ್?" ಅಂದಳು ಮಡಿಕೇರಿಯ ಲ್ಯಾಬ್ ಹುಡುಗಿ. ರಾತ್ರಿ ಎಂಟಕ್ಕೇ ಊಟ ಮುಗಿಸಿದ್ದೆ, ಸೋಮವಾರಪೇಟೆಯಿಂದ ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದ್ದೆ. "ಇಲ್ಲಮ್ಮ, ಒಂದು ಲೋಟ ಕರಿ ಕಾಫಿ ಅಷ್ಟೇ."

"ಸಕ್ಕರೆ?"

"ಸಕ್ಕರೆ ಎಲ್ಲಿ, ಬೆಲ್ಲ."

ಸೂಜಿ ವಾಪಸ್ ಟ್ರೇಗೆ ಹೋಯಿತು. ನಾಳೆ ಬನ್ನಿ, ನೀರು ಮಾತ್ರ.

ನಮ್ಮ ಕೊಡಗಿನಲ್ಲಿ ಬೆಳಗಿನ ಬೆಲ್ಲದ ಕಾಫಿಯನ್ನು ಯಾರು ತಿಂಡಿ ಅಂತ ಲೆಕ್ಕ ಹಾಕುತ್ತಾರೆ? ಆದರೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಹಾಕುತ್ತದೆ. ಬೆಲ್ಲ ಒಳಗೆ ಹೋದ ಕೆಲವೇ ನಿಮಿಷಕ್ಕೆ ಇನ್ಸುಲಿನ್ ಏರುತ್ತದೆ, ಆಮೇಲೆ ಅಳೆದು ಏನು ಪ್ರಯೋಜನ. ಎಂಟರಿಂದ ಹನ್ನೆರಡು ಗಂಟೆ ಉಪವಾಸ ಅಂತ ಹೇಳುವುದು ಅದಕ್ಕೇ.

ಮರುದಿನ ರಕ್ತ ಕೊಟ್ಟೆ. ರಿಪೋರ್ಟ್ ನೋಡಿ ಖುಷಿಯಾಯಿತು. ಸಕ್ಕರೆ 99, ಇನ್ಸುಲಿನ್ 22. ಆ ಲ್ಯಾಬಿನ ಮಿತಿ 25, ಹಾಗಾಗಿ ಒಂದು ಸಾಲೂ ದಪ್ಪ ಅಕ್ಷರದಲ್ಲಿ ಇರಲಿಲ್ಲ. ಸುಮ್ನೆ ದುಡ್ಡು ದಂಡ ಅಂದುಕೊಂಡೇ ಡಾಕ್ಟರ ಮುಂದೆ ಇಟ್ಟೆ.

ಅವರು ಮೊಬೈಲಿನಲ್ಲಿ ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರು. 5.4 ಬಂತು. ಇದಕ್ಕೆ ಹೋಮಾ-ಐಆರ್ ಅಂತಾರೆ, ದೇಹ ಇನ್ಸುಲಿನ್ ಮಾತನ್ನ ಎಷ್ಟು ಕೇಳ್ತಾ ಇಲ್ಲ ಅನ್ನೋ ಅಂದಾಜು, ಸುಮಾರು 2.5 ದಾಟಿದರೇ ನಾವು ಯೋಚನೆ ಮಾಡ್ತೀವಿ ಅಂದರು. ನನ್ನ ಮುಖ ನೋಡಿ ಕೇಳಿದರು, "ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ತೀರಲ್ವಾ? ಪೈಪು ಕಟ್ಟಿಕೊಂಡಿದ್ರೂ ಮೋಟಾರು ಜೋರಾಗಿ ತಳ್ಳಿದ್ರೆ ಗಿಡಕ್ಕೆ ನೀರು ಬೀಳುತ್ತೆ. ನೀವು ಗಿಡ ಮಾತ್ರ ನೋಡ್ತಾ ಇದ್ದೀರಿ, ನಾನು ಡೀಸೆಲ್ ನೋಡ್ತಾ ಇದ್ದೀನಿ."

ಮಾರ್ಚಿನಲ್ಲಿ ಹೂವಿಗೆ ನೀರು ಹಾಯಿಸುವಾಗ ಮೋಟಾರು ಹೇಗೆ ಒದ್ದಾಡುತ್ತದೆ ಅಂತ ಗೊತ್ತಿರುವವನಿಗೆ ಇನ್ನೇನು ಬೇಕು! ಸಕ್ಕರೆ ಸರಿಯಿದೆ, ಆದರೆ ಅದನ್ನು ಸರಿ ಇಡೋಕೆ ಮೇದೋಜೀರಕ ಜಾಸ್ತಿ ದುಡಿಯುತ್ತಿದೆ. ಬರೀ ಸಕ್ಕರೆ ಟೆಸ್ಟ್ ಮಾಡಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನಮ್ಮ ಅತ್ತೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಅವರಿಗೂ ಇದನ್ನೇ ಮಾಡಿಸೋಣವಾ ಅಂತ ಕೇಳಿದೆ. ಅವರಿಗೆ ಸಿ-ಪೆಪ್ಟೈಡ್ ನೋಡಬೇಕಂತೆ. ದೇಹ ಇನ್ಸುಲಿನ್ ತಯಾರಿಸುವಾಗ ಅದೂ ಜೊತೆಗೇ ಬರುತ್ತದೆ, ಇಂಜೆಕ್ಷನ್ನಿನಲ್ಲಿ ಇರುವುದಿಲ್ಲ, ಹಾಗಾಗಿ ಯಾವುದು ಸ್ವಂತದ್ದು ಅಂತ ತಿಳಿಯುತ್ತದೆ.

ಅಂದಹಾಗೆ, ಡಾಕ್ಟರಿಗೆ ಮೊದಲು ಅನುಮಾನ ಬಂದದ್ದು ನನ್ನ ಕುತ್ತಿಗೆ ಹಿಂದಿನ ಕಪ್ಪು ನೋಡಿ. ವೆಲ್ವೆಟ್ ಬಟ್ಟೆಯ ಹಾಗೆ ದಪ್ಪಗಿತ್ತು. ಇನ್ಸುಲಿನ್ ಜಾಸ್ತಿಯಾದರೆ ಚರ್ಮ ಹಾಗಾಗಬಹುದಂತೆ. ನಾನು ಸರಿಯಾಗಿ ಸ್ನಾನ ಮಾಡುವುದಿಲ್ಲ ಅಂತ ಅಮ್ಮ ಎರಡು ವರ್ಷದಿಂದ ಅದಕ್ಕೆ ನಿಂಬೆಹಣ್ಣು ತಿಕ್ಕಿಸುತ್ತಿದ್ದರು. ಮನೆಗೆ ಬಂದು ವಿಷಯ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಬಚ್ಚಲಿನ ಗೂಡಿನಲ್ಲಿದ್ದ ನಿಂಬೆ ಸಿಪ್ಪೆ ಎತ್ತಿ ಹೊರಗೆ ಎಸೆದರು.