ಡಿಪ್‌ಸ್ಟಿಕ್ ತುದಿಯ ಬಿಳುಪು

ದೋಣಿಯ ಡೀಸೆಲ್ ಎಂಜಿನ್ ಇಂದು ಅರ್ಧ ಸುತ್ತು ತಿರುಗಿ ಗಕ್ಕನೆ ನಿಂತಿತು. ಬ್ಯಾಟರಿ ಚೆನ್ನಾಗಿಯೇ ಇತ್ತು. ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಕಪ್ಪಾಗಿರಲಿಲ್ಲ. ಕಲಸಿದ ಸುಣ್ಣದಂತೆ ಬೆಳ್ಳಗೆ, ಮಂದವಾಗಿ ಕಡ್ಡಿಗೆ ಅಂಟಿತ್ತು.

ಅಂದರೆ ಒಳಗೆ ನೀರು.

"ಇನ್ನೊಮ್ಮೆ ಕೀಲಿ ತಿರುಗಿಸೋಣ" ಎಂದರು ಜೊತೆಗಿದ್ದವರು. ಬೇಡವೇ ಬೇಡ ಎಂದೆ. ಸಿಲಿಂಡರ್‌ನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರು ಕುಗ್ಗುವುದಿಲ್ಲ. ಸ್ಟಾರ್ಟರ್ ಹಟ ಹಿಡಿದರೆ ಬಾಗುವುದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್. ಏನಾದರೂ ಕೆಟ್ಟಾಗ ಕೈ ಸುಮ್ಮನಿರುವುದು ಎಷ್ಟು ಕಷ್ಟ ನೋಡಿ!

ನೀರು ಹೊರಬರಲೆಂದು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ, ಎಂಜಿನನ್ನು ಕೈಯಿಂದಲೇ ತಿರುಗಿಸಿದೆವು. ಚಿಮ್ಮಿದ ನೀರು ತುಟಿಗೆ ತಾಗಿತು: ಉಪ್ಪು. ಎಂಜಿನ್ ತಣಿಸುವ ಕೂಲಂಟ್ ಅಲ್ಲ, ಸಮುದ್ರದ್ದೇ. ಕೂಲಂಟ್ ಒಳಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲಿದ್ದ ಗುಮಾನಿ, ಸಮುದ್ರದ ನೀರು ಸುರಿದು ತಣಿಸುವ ಹೊಗೆ ಕೊಳವೆ, ಅಂದರೆ ಎಕ್ಸಾಸ್ಟ್ ಕಡೆಗೆ ಹೊರಳಿತು. ಕೊಳವೆಯೊಳಗೆ ಗಾಳಿ ಬಿಟ್ಟು ಸೈಫನ್ (ನೀರು ತಾನೇ ಎಳೆದುಕೊಂಡು ಹರಿಯುವುದು) ತಡೆಯುವ ಪುಟ್ಟ ಕವಾಟ ಉಪ್ಪು ಕಟ್ಟಿ ಮುಚ್ಚಿಹೋಗಿತ್ತು. ಎಂಜಿನ್ ನಿಂತ ಮೇಲೆ ನೀರು ತಾನಾಗಿಯೇ ಒಳಗೆ ಹರಿದಿದೆ. ಅಷ್ಟು ದೊಡ್ಡ ಯಂತ್ರದ ಕಾವಲಿಗೆ ಇಷ್ಟು ಚಿಕ್ಕ ಕವಾಟವನ್ನು ನಂಬಿದವರ ಧೈರ್ಯ ಮೆಚ್ಚಬೇಕು.

ಎಳೆದೊಯ್ಯುವ ದೋಣಿಗೆ ಹೇಳಿ ಆಗಿದೆ. ಎಣ್ಣೆ ಬದಲಿಸಿ, ತುಸು ಓಡಿಸಿ, ಮತ್ತೆ ಬದಲಿಸುವ ಕೆಲಸ ಇಂದೇ ಆರಂಭವಾಗಬೇಕು. ಉಪ್ಪುನೀರು ಬೇರಿಂಗ್‌ಗಳನ್ನು ತಿನ್ನಲು ನಾಳೆಯವರೆಗೆ ಕಾಯುವುದಿಲ್ಲ.