ಕಂದು ಒಣಗಿತ್ತು, ಬಿಳಿ ಒಣಗಿರಲಿಲ್ಲ

ಮೊನ್ನೆ ಗೋಡೌನ್ ಕ್ಲೀನ್ ಮಾಡುವಾಗ ಹಳೆ ಬಬಲ್ ರ‍್ಯಾಪ್ ರೋಲ್ ಒಂದು ಸಿಕ್ಕಿತು. ಹೊಸದಾಗಿ ಸೇರಿದ ಹುಡುಗ ಅಲ್ಲೇ ಕೂತು ಪಟ್ ಪಟ್ ಅಂತ ಒಡೆಯೋಕೆ ಶುರು ಮಾಡಿದ. ಎಲ್ಲರಿಗೂ ಖುಷಿ ಕೊಡುವ ಸದ್ದು ಅದು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ತಳಮಳ. ಯಾಕೆ ಅಂತ ಅವನಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕ. ಎರಡು ವರ್ಷದ ಹಿಂದಿನ ಕಥೆ, ಇಲ್ಲೂ ಬರೆದುಬಿಡುತ್ತೇನೆ.

ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಗ್ಯಾಲರಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರಿಗೆ ಅಸಿಸ್ಟೆಂಟ್. ಪ್ಯಾಕಿಂಗ್, ಹ್ಯಾಂಗಿಂಗ್, ಪ್ರೈಸ್ ಲಿಸ್ಟ್, ಟೀ ತರಿಸೋದು, ಎಲ್ಲ ನಾನೇ. ಶನಿವಾರ ಭಾನುವಾರ ನಂದಿ ಬೆಟ್ಟಕ್ಕೆ ಅಂತ ಬೆಂಗಳೂರಿನಿಂದ ಬಂದವರು ಇಳಿಯುವಾಗ ಒಂದು ಸಲ ಹಣಕಿ ಹೋಗುತ್ತಾರೆ. ನಿಜವಾಗಿ ಕೊಳ್ಳುವ ಕಲೆಕ್ಟರ್‌ಗಳು ಬೇರೆ, ಅವರಿಗೆ ಓಪನಿಂಗ್‌ಗೆ ಒಂದು ದಿನ ಮುಂಚೆ ಪ್ರಿವ್ಯೂ ಇಡುತ್ತೇವೆ. ಒಂದು ಸಲ ನಮ್ಮ ವಾಚ್‌ಮನ್ ತಾತ "ನಾಳೆ ಕಲೆಕ್ಟರ್ ಬರ್ತಾರಂತೆ" ಅಂತ ಟೀ ಅಂಗಡಿಯಲ್ಲಿ ಹೇಳಿ, ಡಿಸಿ ಬರುತ್ತಾರೆ ಅಂದುಕೊಂಡ ಒಬ್ಬರು ಖಾತೆ ಬದಲಾವಣೆ ಅರ್ಜಿ ಹಿಡಿದು ಬೆಳಗ್ಗೆ ಒಂಬತ್ತಕ್ಕೇ ಬಂದು ನಿಂತಿದ್ದರು. ಇರಲಿ.

ಆ ಸಲದ ಶೋ ಶಿಡ್ಲಘಟ್ಟದ ಒಬ್ಬ ಕಲಾವಿದೆಯದು. ಐವತ್ತು ದಾಟಿದ ಹೆಂಗಸು, ನಾನು ಅಕ್ಕ ಅಂತಲೇ ಕರೆಯೋದು. ಹದಿನಾಲ್ಕು ಹೊಸ ಕೆಲಸ, ಎಲ್ಲ ರೇಷ್ಮೆ ಮನೆಯ ಚಿತ್ರಗಳು. ಹಿಪ್ಪುನೇರಳೆ ಸೊಪ್ಪು, ಹುಳು ತಟ್ಟೆ, ಗೂಡು ಮಾರ್ಕೆಟ್ಟಿನ ಬೆಳಗ್ಗೆ. ಶನಿವಾರ ಹನ್ನೊಂದಕ್ಕೆ ಪ್ರಿವ್ಯೂ. ಗುರುವಾರ ನಾನು ಟೆಂಪೋ ತಗೊಂಡು ಅವರ ಮನೆಗೆ ಹೋದೆ. ಮುಂಚೆ ಹುಳು ಸಾಕುತ್ತಿದ್ದ ಮನೆಯೇ ಈಗ ಅವರ ಸ್ಟುಡಿಯೋ. ಇನ್ನೂ ಸುಣ್ಣ, ಸೊಪ್ಪಿನ ವಾಸನೆ ಹೋಗಿಲ್ಲ, ಅದರ ಮೇಲೆ ಟರ್ಪೆಂಟೈನ್.

ಹದಿಮೂರು ಪ್ಯಾಕ್ ಆಯಿತು. ಹದಿನಾಲ್ಕನೆಯದು ದೊಡ್ಡದು, ನಾಲ್ಕು ಅಡಿ ಐದು ಅಡಿ. ಬಿದಿರಿನ ಚಂದ್ರಿಕೆ, ಅಂದರೆ ಹಣ್ಣಾದ (ಗೂಡು ಕಟ್ಟೋಕೆ ತಯಾರಾದ) ಹುಳುಗಳನ್ನ ಬಿಡುವ ತಟ್ಟೆ, ಅದರ ಸುತ್ತಿನ ತುಂಬಾ ಗೂಡು. ಚಂದ್ರಿಕೆಯನ್ನು ಅಂಬರ್ ಅನ್ನೋ ಕಂದು ಬಣ್ಣದಲ್ಲಿ ತೆಳ್ಳಗೆ ತೊಳೆದ ಹಾಗೆ ಬಳಿದಿದ್ದರು. ಗೂಡುಗಳನ್ನು ಮಾತ್ರ ಟೈಟಾನಿಯಂ ವೈಟ್‌ನಲ್ಲಿ, ನೈಫ್ ಹಿಡಿದು, ರೊಟ್ಟಿ ಮೇಲೆ ಬೆಣ್ಣೆ ಮೆತ್ತಿದ ಹಾಗೆ ದಪ್ಪಗೆ ಇಟ್ಟಿದ್ದರು. ಮುಗಿಸಿ ಮೂರೇ ವಾರ ಆಗಿತ್ತು.

"ಇದು ಇನ್ನೂ ಹಸಿ ಕಣಪ್ಪ. ಇದನ್ನ ಬಿಡು, ಶನಿವಾರ ಬೆಳಗ್ಗೆ ನಾನೇ ಕಾರಲ್ಲಿ ತರ್ತೀನಿ" ಅಂದರು.

ಲೈಟಿನವನು ಬರೋದು ಶುಕ್ರವಾರ ಮಾತ್ರ. ಹದಿನಾಲ್ಕೂ ಶುಕ್ರವಾರವೇ ಗೋಡೆ ಮೇಲೆ ಇರಬೇಕು ಅಂತ ಓನರ್ ಮೂರು ಸಲ ಫೋನ್ ಮಾಡಿದ್ದರು. ನಾನು ಕ್ಯಾನ್ವಾಸಿನ ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು ನೋಡಿದೆ. ಏನೂ ಅಂಟಲಿಲ್ಲ. "ಒಣಗಿದೆ ಅಕ್ಕ, ನೋಡಿ" ಅಂತ ಬೆರಳು ತೋರಿಸಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಸರಿ, ನಿಂಗೆ ಗೊತ್ತಿರಬೇಕಲ್ಲ" ಅಂದರು. ಆ ಮಾತಿಗೆ ನಾನು ಉಬ್ಬಿಬಿಟ್ಟೆ. ಈಗ ನೆನೆಸಿಕೊಂಡರೆ ಕೆನ್ನೆಗೆ ಬಾರಿಸಿದ ಹಾಗೆ ಅನಿಸುತ್ತೆ.

ನಾನು ಮುಟ್ಟಿದ್ದು ಕಂದು. ಆಯಿಲ್ ಕಲರ್ ಒಗೆದ ಬಟ್ಟೆ ಒಣಗಿದ ಹಾಗೆ ಒಣಗಲ್ಲ. ನೀರು ಆರಿಹೋಗೋ ಮಾತೇ ಅಲ್ಲಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಬೇಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುತ್ತೆ, ಅದು ಈ ಕೆಲಸವನ್ನ ಜೋರು ಮಾಡುತ್ತೆ. ತೆಳ್ಳಗೆ ಬಳಿದ ಅಂಬರ್ ಒಂದೆರಡು ದಿನಕ್ಕೇ ಒಣಗುತ್ತೆ. ಟೈಟಾನಿಯಂ ವೈಟ್ ಹಾಗಲ್ಲ, ಆರಾಮಾಗಿ ಟೈಮ್ ತಗೊಳ್ಳುತ್ತೆ. ದಪ್ಪ ಇಟ್ಟರಂತೂ ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೊಂದು ಪದರ, ಒಳಗೆ ತಿಂಗಳುಗಟ್ಟಲೆ ಮೆತ್ತಗೆ. ವಾರ್ನಿಶ್ ಹೊಡೆಯೋಕೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು ಅನ್ನೋದು ಇದಕ್ಕೇ. ಅದರ ಮೇಲೆ ಅದು ಜುಲೈ, ಜಿಟಿಜಿಟಿ ಮಳೆ, ತಂಪು. ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಒಣಗಿದೆ ಅಂತ ಹೇಳಬೇಕಾಗಿತ್ತು, ಒಣಗಿರೋ ಜಾಗ ಹುಡುಕಿ ಮುಟ್ಟಿದೆ.

ಪೇಂಟಿಂಗ್ ಮೇಲೆ ಮೊದಲು ಸುತ್ತುವ ನುಣುಪಾದ ಗ್ಲಾಸಿನ್ ಪೇಪರ್ ಮುಗಿದು ಎರಡು ವಾರ ಆಗಿತ್ತು. ಓನರ್‌ಗೆ ವಾಟ್ಸಾಪ್‌ನಲ್ಲಿ ಎರಡು ಸಲ ಹಾಕಿದ್ದೆ, ಬ್ಲೂ ಟಿಕ್ ಬಂತು, ಪೇಪರ್ ಬರಲಿಲ್ಲ. ಸರಿ ಅಂತ ನೇರ ಬಬಲ್ ರ‍್ಯಾಪನ್ನೇ ಸುತ್ತಿದೆ. ಗುಳ್ಳೆ ಒಳಗಡೆಗೆ. ಗಾಜು ಹಾಕಿದ ಫ್ರೇಮ್‌ಗಳಿಗೆ ವರ್ಷಗಟ್ಟಲೆ ಹಾಗೇ ಸುತ್ತಿದ್ದೆ, ಕೈ ತಾನಾಗೇ ಹಾಗೇ ಸುತ್ತಿತು. ಆಮೇಲೆ ಟೆಂಪೋದಲ್ಲಿ ಜಾಗ ಸಾಲದೆ, ನಿಲ್ಲಿಸಬೇಕಾದ್ದನ್ನ ಮಲಗಿಸಿ ಮೇಲೆ ಎರಡು ಚಿಕ್ಕವು ಇಟ್ಟು ಟಾರ್ಪಾಲ್ ಎಳೆದೆ. ಒಂದೇ ಪೇಂಟಿಂಗಿಗೆ ಮಾಡಬಾರದ್ದನ್ನೆಲ್ಲ ಮಾಡೋದು ಅಷ್ಟು ಸುಲಭ ಅಲ್ಲ, ಅಲ್ವಾ?

ಶುಕ್ರವಾರ ಸಂಜೆ ಏಳು ಗಂಟೆ. ಹದಿಮೂರು ಹ್ಯಾಂಗ್ ಆಗಿತ್ತು. ಲೈಟಿನವನು ಏಣಿ ಮೇಲೆ ಕೂತು "ಬೇಗ ತೆಗಿ ಗುರೂ, ಲಾಸ್ಟ್ ಬಸ್ಸು" ಅಂತಿದ್ದ. ಟೇಪ್ ಕತ್ತರಿಸಿ ಕವರ್ ಎಳೆದೆ. ಬರಲಿಲ್ಲ. ಇನ್ನೊಂದು ಸ್ವಲ್ಪ ಎಳೆದೆ. ಚರ್‌ರ್ ಅಂತ ಒಂದು ಸದ್ದು ಬಂತು, ಬ್ಯಾಂಡೇಜ್ ಕಿತ್ತಾಗ ಬರುತ್ತಲ್ಲ, ಆ ಥರ. ಅಲ್ಲೇ ನಿಲ್ಲಿಸಿದೆ. ಕವರಿನ ಒಳಗಡೆ ಒಂದು ಗುಳ್ಳೆಯ ತಲೆ ಮೇಲೆ ಉಗುರಿನಷ್ಟು ಬಿಳಿ ಬಣ್ಣ ಅಂಟಿಕೊಂಡಿತ್ತು.

ಪೂರ್ತಿ ತೆಗೆಯೋಕೆ ಇಪ್ಪತ್ತು ನಿಮಿಷ ಹಿಡಿಯಿತು. ಒಂದೊಂದೇ ಗುಳ್ಳೆ, ಉಸಿರು ಬಿಗಿ ಹಿಡಿದು. ಲೈಟಿನವನು ಬಸ್ಸಿನ ಮಾತು ಬಿಟ್ಟು ಕೆಳಗಿಳಿದು ಬಂದು ಟಾರ್ಚ್ ಹಿಡಿದ. ಕೊನೆಗೆ ನೋಡಿದರೆ ಬಿಳಿ ಗೂಡುಗಳ ಮೇಲೆಲ್ಲ ಸಾಲುಸಾಲಾಗಿ ರೌಂಡ್ ರೌಂಡ್ ಗುಳಿ, ಅಳತೆ ಹಿಡಿದು ಒತ್ತಿದ ಹಾಗೆ. ಮೇಲೆ ಇಟ್ಟಿದ್ದ ಆ ಎರಡು ಫ್ರೇಮ್‌ಗಳ ಭಾರ ಎಲ್ಲಿ ಬಿದ್ದಿತ್ತೋ ಅಲ್ಲಿ ಇನ್ನೂ ಆಳ. ಕಂದು ಬಣ್ಣದ ಮೇಲೆ ಒಂದು ಗೆರೆಯೂ ಇಲ್ಲ!

ಓನರ್‌ಗೆ ಫೋನ್ ಮಾಡಿದೆ. ಎರಡು ನಿಮಿಷ ಸುಮ್ಮನಿದ್ದು, "ಒಳಗಿನ ರೂಮಿಗೆ ಹಾಕು. ಲೈಟ್ ಡಿಮ್ ಮಾಡು. ಯಾರಾದ್ರೂ ಕೇಳಿದ್ರೆ ಟೆಕ್ಸ್ಚರ್ ಅನ್ನು" ಅಂದರು. ಅಕ್ಕನಿಗೆ ಫೋನ್ ಮಾಡಬೇಕಾಗಿತ್ತು. ಮಾಡಲಿಲ್ಲ. ರಾತ್ರಿ ಮೆಸೇಜ್ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ, ಅಳಿಸಿದೆ. ಬಬಲ್ ರ‍್ಯಾಪ್ ಸುತ್ತಿದ್ದು ತಪ್ಪು ನಿಜ, ಆದರೆ ನನಗೆ ಇವತ್ತಿಗೂ ಚುಚ್ಚೋದು ಈ ಫೋನೇ.

ಶನಿವಾರ ಅಕ್ಕ ಬಂದವರು ಮುಂದಿನ ಹಾಲ್‌ನಲ್ಲೇ ಮಾತಿಗೆ ಸಿಕ್ಕಿಹಾಕಿಕೊಂಡರು. ಹನ್ನೊಂದೂವರೆ ಹೊತ್ತಿಗೆ ಗಂಡ ಹೆಂಡತಿ ಕಲೆಕ್ಟರ್ ಇಬ್ಬರು ಸೀದಾ ಒಳಗಿನ ರೂಮಿಗೆ ನಡೆದರು. ಗಂಡ ಆ ಚಂದ್ರಿಕೆ ಮುಂದೆ ನಿಂತವರು ನಿಂತೇ ಬಿಟ್ಟರು. ಡಿಮ್ ಲೈಟಿನಲ್ಲಿ ಗುಳಿಗಳ ನೆರಳು ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಅದು ಓನರ್ ತಲೆಗೂ ಹೊಳೆದಿರಲಿಲ್ಲ, ನನ್ನ ತಲೆಗೂ.

"ಈ ಜೇನುಗೂಡಿನ ಥರ ಇದೆಯಲ್ಲ, ಅದ್ಭುತ. ಯಾವ ಟೆಕ್ನಿಕ್ ಇದು?"

"ಟೆಕ್ಸ್ಚರ್ ಸಾರ್. ಇಂಪಾಸ್ಟೋ" ಅಂದೆ, ಅಂದರೆ ಬಣ್ಣ ದಪ್ಪಗೆ ಮೆತ್ತುವ ಟೆಕ್ನಿಕ್. ನಾಲಿಗೆ ಒಣಗಿತ್ತು.

ರೇಟ್ ಕೇಳಿದರು. ಸ್ಕ್ವೇರ್ ಇಂಚಿಗೆ 60 ರೂಪಾಯಿ ಲೆಕ್ಕದಲ್ಲಿ ರೌಂಡ್ ಮಾಡಿ 1,75,000 ಇಟ್ಟಿದ್ದೆವು. ಅವರು ಹೆಂಡತಿ ಕಡೆ ನೋಡಿದರು, ಆಕೆ ತಲೆ ಆಡಿಸಿದರು. "ಡಾಟ್ ಹಾಕಿಬಿಡಿ" ಅಂದರು. ನಾನು ಶೀಟಿನಿಂದ, ಮಾರಾಟವಾಯಿತು ಅನ್ನೋದಕ್ಕೆ ಹಾಕುವ ಕೆಂಪು ಸ್ಟಿಕರ್ ಕಿತ್ತು ಬೆರಳ ತುದಿಗೆ ಅಂಟಿಸಿಕೊಂಡು ಲೇಬಲ್ ಕಡೆ ಬಗ್ಗಿದೆ. ಹಿಂದೆ ಅಕ್ಕನ ಚಪ್ಪಲಿ ಸದ್ದು ಕೇಳಿಸಿತು.

ಅವರು ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಒಂದು ಗುಳಿಯ ಮೇಲೆ ಬೆರಳು ತಂದು, ಮುಟ್ಟದೆ ಹಿಂದಕ್ಕೆ ತಗೊಂಡರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಆದರೆ ನನ್ನ ಬೆರಳ ಮೇಲಿನ ಕೆಂಪು ಡಾಟ್ ಬೆವರಿಗೆ ಸುರುಳಿಕೊಳ್ಳುವಷ್ಟು ಹೊತ್ತಾಯಿತು. ಸಿಟ್ಟು ಬಂದರೆ ಆಕೆಗೆ ತೆಲುಗು ಬರುತ್ತೆ. ಮೊದಲು ಎರಡು ಮಾತು ತೆಲುಗಿನಲ್ಲಿ ಬಂತು, ಅದನ್ನ ಬರೆಯಲ್ಲ. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ, "ಒಂದು ಹುಳ ನೋಡಿ ಮನೆಯೆಲ್ಲ ಹಣ್ಣಾಗಿದೆ ಅಂತ ಚಂದ್ರಿಕೆಗೆ ಬಿಡ್ತಾರೇನಪ್ಪ?"

ಆಮೇಲೆ ಕಲೆಕ್ಟರ್ ಕಡೆ ತಿರುಗಿದರು. "ಇದು ಪ್ಯಾಕಿಂಗ್ ಕವರಿನ ಗುರುತು ಸಾರ್. ನಾನು ಮಾಡಿದ್ದಲ್ಲ. ಇದನ್ನ ಕೊಡಲ್ಲ."

ಆತ ನಕ್ಕರು. "ಪರವಾಗಿಲ್ಲ ಮೇಡಂ, ನನಗೆ ಹೀಗೇ ಇಷ್ಟ ಆಗಿದೆ."

"ನಿಮಗೆ ಇಷ್ಟ ಆಗಿರೋದು ಇವನ ಕೆಲಸ, ನಂದಲ್ಲ" ಅಂದು ನನ್ನ ಕಡೆ ಕೈ ತೋರಿಸಿದರು. ಆತನಿಗೆ ಇನ್ನೂ ನಗು. ಹೆಂಡತಿಗೆ ಮಾತ್ರ ನಗು ಬರಲಿಲ್ಲ, "ಟೆಕ್ಸ್ಚರ್ ಅಂದ್ರಲ್ಲ ನೀವು?" ಅಂತ ನನ್ನನ್ನೇ ನೋಡಿದರು. ಏನು ಹೇಳಲಿ. ಪೇಂಟಿಂಗ್ ಇಳಿಸಿದೆ. ಗೋಡೆ ಮೇಲೆ ಎರಡು ಮೊಳೆ, ಒಂದು ಲೇಬಲ್, ಡಿಮ್ ಲೈಟು ಉಳಿಯಿತು. ಹೋಗುವಾಗ ಆ ಹೆಂಡತಿ ಹಿಪ್ಪುನೇರಳೆ ಸೊಪ್ಪಿನ ಒಂದಡಿ ಒಂದಡಿ ಚಿತ್ರ ತಗೊಂಡರು, 9,000. ನಮ್ಮ ಕಮಿಷನ್ 40 ಪರ್ಸೆಂಟ್. ಎಪ್ಪತ್ತು ಸಾವಿರ ಬರೋ ಕಡೆ ಮೂರು ಸಾವಿರದ ಆರುನೂರು ಬಂತು ಅಂತ ಓನರ್ ತಿಂಗಳಾನುಗಟ್ಟಲೆ ಹೇಳಿದರು. ಟೆಕ್ಸ್ಚರ್ ಅನ್ನು ಅಂದಿದ್ದು ಯಾರು ಅನ್ನೋದು ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಅಕ್ಕ ಬೈದಿದ್ದಕ್ಕಿಂತ ಜಾಸ್ತಿ ನಾಟಿದ್ದು ಸಂಜೆ ಅವರು ಸುಮ್ನೆ ಹೇಳಿದ ಇನ್ನೊಂದು ಮಾತು. ಬೆಂಗಳೂರಿನ ಚಿತ್ರಸಂತೆ 2003ರಲ್ಲಿ ಶುರುವಾಯಿತಲ್ಲ, ಆಮೇಲೆ ಎಷ್ಟೋ ಜನವರಿ ಅವರು ಬಸ್ಸಿನಲ್ಲೇ ಕುಮಾರಕೃಪಾ ರಸ್ತೆಗೆ ಕ್ಯಾನ್ವಾಸ್ ಹೊತ್ತಿದ್ದಾರಂತೆ. ಒಂದೇ ಸೈಜಿನ ಎರಡು ಕ್ಯಾನ್ವಾಸ್ ಎದುರುಬದುರು, ನಾಲ್ಕು ಮೂಲೆಗೆ ನಾಲ್ಕು ಕಾರ್ಕ್ ಚೂರು, ಮೇಲೆ ಹುರಿ. ಹಸಿ ಬಣ್ಣಕ್ಕೆ ಏನೂ ತಾಗಲ್ಲ. ಒಂದೂ ಹಾಳಾಗಿಲ್ಲ. ಹಾಳಾಗಿದ್ದು ಗ್ಯಾಲರಿ ಟೆಂಪೋ ಹತ್ತಿದಾಗ.

ಈಗ ಗ್ಲಾಸಿನ್ ರೋಲ್ ನಾನೇ ತಂದು ಬಿಲ್ಲಿನಲ್ಲಿ ಟೀ ಕಾಫಿ ಅಂತ ಬರೆಯುತ್ತೇನೆ. ಗುಳ್ಳೆ ಹೊರಗೆ. ಆರ್ಟಿಸ್ಟ್ ಹಸಿ ಅಂದರೆ ಹಸಿ, ಬೆರಳು ಜೇಬಿನಲ್ಲಿ. ಲೈಟಿನವನನ್ನ ಶನಿವಾರ ಬೆಳಗ್ಗೆ ಆರಕ್ಕೆ ಕರೆಸಿದರೂ ಬರುತ್ತಾನೆ, ಕೇಳಿರಲಿಲ್ಲ ಅಷ್ಟೆ.

ಹೋದ ತಿಂಗಳು ಇನ್ನೊಂದು ಶೋಗೆ ಪೇಂಟಿಂಗ್ ತರೋಕೆ ಅವರ ಮನೆಗೆ ಹೋಗಿದ್ದೆ. ಎಲ್ಲ ಸ್ಟ್ರೆಚರ್ (ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟು) ಹಿಂದೆ ಚಾಕ್‌ಪೀಸ್‌ನಲ್ಲಿ ಬರೆದಿದ್ದಾರೆ. ಕೆಲವಕ್ಕೆ "ಹಣ್ಣಾಗಿದೆ", ಕೆಲವಕ್ಕೆ "ಹಸಿ". ಗೋಡೆಗೆ ಒರಗಿಸಿದ್ದ ಆ ಚಂದ್ರಿಕೆಯೂ ಅಲ್ಲಿತ್ತು. ಬಿಳಿಯೆಲ್ಲ ಕೆರೆದು ಮತ್ತೆ ಬರೆದಿದ್ದಾರೆ, ಒಂದು ಗುಳಿಯೂ ಇಲ್ಲ. ಬರೆದು ಒಂದೂವರೆ ವರ್ಷ ಆಗಿದೆ. ಹಿಂದೆ ನೋಡಿದರೆ "ಹಸಿ" ಅಂತಿತ್ತು.

"ಅಕ್ಕ, ಇದು ಇನ್ನೂ ಹಸಿನಾ?" ಅಂದೆ.

"ನೀನು ಬಂದಾಗೆಲ್ಲ ಹಸಿನೇ" ಅಂದು ಟೀ ಇಡೋಕೆ ಒಳಗೆ ಹೋದರು.